ಸದ್ದು ಹಿಡಿದು ಹಾರಿಸಿದ ವಿಮಾನ

ಆ ಪುಟ್ಟ ಕೆಂಪು ವಿಮಾನ ಬಾಲವನ್ನು ಕೆಳಗಿಟ್ಟು, ಮೂತಿಯನ್ನು ಆಕಾಶಕ್ಕೆ ಚಾಚಿ, ಅಲುಗದೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಕಣ್ಣು ಮುಚ್ಚಿದರೆ ಈಗಲೂ ನನಗೆ ಮೊದಲು ಕಾಣುವುದು ಅದೇ.

ನನ್ನ ಗಂಡ ಚಂದ್ರಕಾಂತ ಟೌನ್ ಬಸ್ಸಿನ ಚಾಲಕರು. ವಾರವಿಡೀ ಒಂದೇ ದಾರಿಯಲ್ಲಿ ಹೋಗಿಬರುವ ಮನುಷ್ಯ ಭಾನುವಾರ ರಿಮೋಟ್ ಹಿಡಿದರೆಂದರೆ ಬೇರೆಯೇ ಆಗಿಬಿಡುತ್ತಿದ್ದರು. ತಾವೇ ಥರ್ಮೋಕೋಲಿನಲ್ಲಿ ಕೊರೆದು, ಬ್ಯಾಟರಿ, ಮೋಟರು ಕೂರಿಸಿದ ವಿಮಾನವದು. ಪಲ್ಟಿ ಹೊಡೆಯುತ್ತಿತ್ತು, ಅಂಗಾತ ಹಾರುತ್ತಿತ್ತು, ಕೊನೆಗೆ ಹಾಗೆ ಬಾಲದ ಮೇಲೆ ನಿಲ್ಲುತ್ತಿತ್ತು.

ಆ ವರ್ಷ ಅವರಿಗೊಂದು ಹೊಸ ಚಾಳಿ ಅಂಟಿಕೊಂಡಿತು. ಹಾರಿಸುತ್ತಿರುವಾಗಲೇ "ಹೇಗಿದೆ ಈಗ? ನೆಟ್ಟಗಿದೆಯಾ?" ಎಂದು ನನ್ನನ್ನು ಕೇಳುವುದು. ಹೊಗಳಿಕೆಯ ಆಸೆ ಎಂದುಕೊಂಡು ನಾನು ನಗುತ್ತಿದ್ದೆ.

ಚಾಲಕರ ಸಂಘದ ವಾರ್ಷಿಕೋತ್ಸವದ ದಿನ, ಊಟಕ್ಕೆ ಮೊದಲು ಇವರ ವಿಮಾನದಾಟ. ನಮ್ಮ ಬಲಕ್ಕೆ ಶಾಮಿಯಾನ, ಅದರಡಿ ಇನ್ನೂರು ಜನ. ವಿಮಾನ ಎರಡು ಪಲ್ಟಿ ಹೊಡೆದು ಬಾಲದ ಮೇಲೆ ನಿಂತಿತು. ಚಪ್ಪಾಳೆಯಲ್ಲಿ ಮೋಟರಿನ ಸದ್ದು ಮುಳುಗಿಹೋಯಿತು. ಅವರ ಮೊಣಕೈ ನನ್ನ ತೋಳಿಗೆ ತಾಗಿತು.

"ಎಲ್ಲಿದೆ ಅದು?"

"ಎದುರಿಗೇ ಇದೆಯಲ್ಲ."

"ನಂಗೆ ಕಾಣ್ತಿಲ್ಲ ಕಣೇ." ದನಿ ಕೆಳಗಿತ್ತು. "ಮೂರು ತಿಂಗಳಾಯ್ತು. ನೋಡಿದ ಕಡೆನೇ ಮಸಿ ಮೆತ್ತಿದ ಹಾಗಿರತ್ತೆ. ಓರೆಗಣ್ಣಲ್ಲಿ ನೋಡ್ಕೊಂಡು, ಸದ್ದು ಹಿಡಿದು ಹಾರಿಸ್ತಿದ್ದೆ. ನೀನು ಹೇಳ್ತಾ ಹೋಗು. ಯಾರಿಗೂ ಗೊತ್ತಾಗಬಾರದು."

ಅಷ್ಟರಲ್ಲಿ ವಿಮಾನ ವಾಲಿ, ಮುಖ ನಮ್ಮ ಕಡೆ ತಿರುಗಿಸಿ ಶಾಮಿಯಾನದತ್ತ ಹೊರಟಿತು. "ಎಡಕ್ಕೆ" ಎಂದೆ. ಅದು ಇನ್ನಷ್ಟು ಬಲಕ್ಕೆ ಬಂತು. ನಾನು ಹೇಳಿದ್ದು ನಮ್ಮ ಎಡ, ಅವರು ತಿರುಗಿಸಿದ್ದು ವಿಮಾನದ ಎಡ. ನಮ್ಮತ್ತ ಬರುವ ವಿಮಾನಕ್ಕೆ ಅದು ತಿರುಗುಮುರುಗು. ಮುಂದಿನ ಸಾಲಿನಲ್ಲಿ ಒಬ್ಬಳು ಮಡಿಲಲ್ಲಿ ಕೂಸು ಮಲಗಿಸಿಕೊಂಡು ಕೂತಿದ್ದಳು. ಇದೂ ಆಟವೇ ಎಂದು ಜನ ಶಿಳ್ಳೆ ಹಾಕಿದರು.

"ಬೀಳಿಸಿಬಿಡ್ರಿ" ಎಂದೆ. "ಈಗಲೇ. ಆಫ್ ಮಾಡಿ."

ಅವರ ಹೆಬ್ಬೆರಳು ಕೆಳಗಿಳಿಯಿತು. ಶಾಮಿಯಾನದ ಹಗ್ಗಕ್ಕೆ ಒಂದು ಮಾರು ದೂರದಲ್ಲಿ ವಿಮಾನ ಮೂತಿ ಅಡಿಯಾಗಿ ನೆಲಕ್ಕಪ್ಪಳಿಸಿತು.

ಸಂಘದ ಅಧ್ಯಕ್ಷ ಮರುಳಪ್ಪನವರು ಬಂದು ಹೆಗಲು ತಟ್ಟಿದರು. "ಹೋಗ್ಲಿ ಬಿಡಪ್ಪ, ಇನ್ನೊಂದು ಮಾಡಿದ್ರಾಯ್ತು."

ಮುರಿದ ಚೂರುಗಳನ್ನು ಆಯುತ್ತಿದ್ದಾಗ ಒಮ್ಮೆಲೇ ನನಗೆ ಹೊಳೆಯಿತು. ಮೂರು ತಿಂಗಳು.

"ಬಸ್ಸು?" ಎಂದೆ.

"ಆ ದಾರಿ ನಂಗೆ ಬಾಯಿಪಾಠ. ಹೇಗೋ ರಿಟೈರ್ ಆಗೋವರೆಗೆ ಇನ್ನೊಂದು ವರ್ಷ ತಳ್ಳಿದ್ರೆ..."

"ದಾರಿಗೆ ಅಡ್ಡ ಬರೋರೂ ಬಾಯಿಪಾಠ ಆಗಿರ್ತಾರೇನ್ರಿ?"

ಅವರು ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. "ಗಾಡಿ ಬಿಟ್ರೆ ನಾನು ಯಾರು, ಹೇಳು" ಎಂದರು. ಪಕ್ಕದಲ್ಲಿ ಕೂತೆ. ಊಟಕ್ಕೆ ಕರೆದವರಿಗೆ ತಲೆನೋವು ಎಂದು ಹೇಳಿ ಕಳಿಸಿದೆ.

ಮರುದಿನ ಇಸ್ತ್ರಿಯ ಖಾಕಿ ತೊಟ್ಟು ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ; ಬೇಡವೆನ್ನಲಿಲ್ಲ. ಡಿಪೋದಲ್ಲಿ ಮ್ಯಾನೇಜರರ ಮುಂದೆ ನಿಂತು ಎಲ್ಲವನ್ನೂ ತಾವೇ ಹೇಳಿದರು.

ಮನೆಗೆ ಹೊರಟಾಗ ಸಿಕ್ಕಿದ್ದು ಅವರು ಓಡಿಸುತ್ತಿದ್ದ ಬಸ್ಸೇ, ಚಾಲಕ ಬೇರೆ. ಕಿಟಕಿಯ ಪಕ್ಕ ಕೂತು ಅವರು ಹೊರಗೆ ಮುಖ ಮಾಡಿದರು. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಬರಿಯ ತಗಡಿನ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.