ಮೊದಲ ಕರೆಗೆ ಓ ಅನ್ನಬಾರದು

ಅಂಚು ಏಳುತ್ತಿದೆ, ನೀರುದೋಸೆಯ ಅಂಚು, ಮೊದಲು ಒಂದು ಬದಿ ಕಾವಲಿ ಬಿಟ್ಟು ಮೇಲೆ ಬರುತ್ತದೆ, ಆಮೇಲೆ ಸುತ್ತಲೂ, ಈಗ ತೆಗೆಯಬೇಕು, ತೆಗೆ ದೀಪಶ್ರೀ, ಕೈ ಹಾಕು, ಇದು ಹೋದ ವರ್ಷದ ದೋಸೆಯಲ್ಲ, ಇವತ್ತಿನದು, ಎಲೆಗೆ ಬಡಿಸುವ ದೋಸೆ ಕರಟಬಾರದು ಎಂದು ಅಮ್ಮ ಬೆಳಗಿನಿಂದ ನಾಲ್ಕು ಸಲ ಹೇಳಿಯಾಗಿದೆ — ಹೇಳಲಿ, ಅವಳಿಗೆ ಇನ್ನೇನು ಉಳಿದಿದೆ — ತೆಗೆದೆ, ಮಡಚಿದೆ, ತಟ್ಟೆಗೆ ಹಾಕಿದೆ, ಬೆಳ್ಳಗಿದೆ, ಒಂದು ಕಪ್ಪು ಚುಕ್ಕೆ ಇಲ್ಲ, ಆದರೂ ಮೂಗಿಗೆ ಸುಟ್ಟ ವಾಸನೆಯೇ ಬರುವುದು, ವರ್ಷವಾಯಿತು, ಯಾವ ದೋಸೆ ಹೊಯ್ದರೂ ಅದೇ ವಾಸನೆ. ಆಟಿ ತಿಂಗಳು, ಸತ್ತವರು ಮನೆಗೆ ಉಣ್ಣಲು ಬರುವ ತಿಂಗಳು. ಕುಲೆಗಳಿಗೆ, ಅಂದರೆ ಆ ಸತ್ತವರಿಗೆ, ಬಡಿಸುವುದು ಎಂದರೆ ನಮ್ಮ ಮನೆಯಲ್ಲಿ ಇಷ್ಟೇ, ಬಾಳೆಲೆ ಹಾಕು, ಕೋಳಿಸಾರು ದೋಸೆ ಬಡಿಸು, ಸತ್ತವನಿಗೆ ಇಷ್ಟವಿದ್ದದ್ದೆಲ್ಲ ಇಡು, ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕರೆ, ಬಾಗಿಲು ಎಳೆದುಕೊಂಡು ಹೊರಗೆ ಕಾಯಿ. ಕರೆಯಲು ಅಪ್ಪ ಇಲ್ಲ. ಅಮ್ಮನ ಬಾಯಿಂದ ಆ ಹೆಸರು ಹೊರಡುವುದಿಲ್ಲ, ಸೃ ಎನ್ನುವಷ್ಟರಲ್ಲಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಹಾಗಾಗಿ ನಾನು. ನೀನೇ ಕರಿ ದೀಪಾ, ಅವನಿಗೆ ಅಕ್ಕ ಅಂದ್ರೆ ಜೀವ ಅಲ್ವಾ, ನೀನು ಕರೆದ್ರೆ ಬಂದೇ ಬರ್ತಾನೆ. ಅಯ್ಯೋ ಅಮ್ಮಾ, ಯಾರ ಹತ್ತಿರ ಹೇಳುತ್ತಿದ್ದೀ ನೀನು. ಇನ್ನೊಂದು ಸೌಟು ಹಿಟ್ಟು.

ಸೃಜನ್, ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ಮೊಬೈಲ್ ಟವರ್ ರಿಪೇರಿಯವನು, ನೆರಿಯದ ಕಾಡಂಚಿನಿಂದ ಬಂಟ್ವಾಳದವರೆಗೆ ಎಲ್ಲಿ ರೇಂಜ್ ಹೋದರೂ ಬೈಕ್ ಹತ್ತಿ ಹೊರಡುವವನು, ಅಳದಂಗಡಿ ಪೇಟೆಯಲ್ಲಿ ಯಾರ ಫೋನು ಕೆಟ್ಟರೂ ಇವನನ್ನೇ ಬೈಯುವುದು — ಟವರಿನ ತುದಿಯಲ್ಲಿ ಕುಳಿತರೆ ಆಕಾಶ ಗುಂಯ್ ಅನ್ನುತ್ತದೆ ಅಕ್ಕಾ, ಅಲ್ಲಿ ಯಾರೋ ಇದ್ದಾರೆ, ನಮ್ಮ ಹತ್ತಿರ ಮಾತಾಡ್ಲಿಕ್ಕೆ ನೋಡ್ತಾ ಇದ್ದಾರೆ. ಇರಲಿ ಮಾರಾಯ, ಇದ್ದರೆ ಅವರಿಗೂ ಎರಡು ಕಟ್ಟು ಬೀಡಿ ಕಳಿಸುವ, ಎಂದಿದ್ದೆ ನಾನು, ಮಡಿಲಿನ ಗೆರಸೆಯಿಂದ ತಲೆ ಎತ್ತದೆ, ಬೀಡಿ ಎಲೆ ಕತ್ತರಿಸುತ್ತಾ. ಆಮೇಲೆ ಶುರುವಾಯಿತು ಅಣಬೆಯ ಕತೆ. ಫೋನಿನಲ್ಲಿ ಎಲ್ಲಿಯೋ ಓದಿದ್ದಂತೆ, ಅಣಬೆಯ ಬೀಜ ಕಣ್ಣಿಗೆ ಕಾಣದಷ್ಟು ಸಣ್ಣದು, ಚಳಿಗೆ ಬಿಸಿಲಿಗೆ ಸಾಯುವುದಿಲ್ಲ, ನಕ್ಷತ್ರದಿಂದ ನಕ್ಷತ್ರಕ್ಕೆ ತೇಲಿ ಬರಬಹುದು, ಬೇರೆ ಲೋಕದವರು ಕಳಿಸಿದ್ದೇ ಆದರೂ ಆದೀತು, ಮಂಡೆ ತಿರುಗಿಸುವ ಒಂದು ಜಾತಿ ಉಂಟು, ತಿಂದವರಿಗೆ ಅವರು ಕಾಣುತ್ತಾರಂತೆ, ಮಾತು ಕೇಳುತ್ತದಂತೆ. ಟವರ್ ಅಲ್ಲಿ ಉಂಟು ಅಕ್ಕಾ, ಸೆಟ್ ಇಲ್ಲಿ ಉಂಟು, ಎಂದು ತನ್ನ ಮಂಡೆಗೆ ಬೆರಳಲ್ಲಿ ಕುಟ್ಟಿ, ಅಣಬೆ ಅಂದ್ರೆ ಸಿಮ್ ಕಾರ್ಡ್, ಹಾಕಿದರೆ ರೇಂಜ್ ಬರ್ತದೆ. ನಿನ್ನ ಸಿಮ್ಮಿಗೆ ಬೆಂಕಿ ಹಾಕ! ಅಣಬೆ ಸಾರು ಮಾಡಿ ಬಡಿಸಿದರೆ ಬೇಡ, ನನಗೆ ವಾಸನೆ ಎಂದು ಮೂಗು ಮುಚ್ಚಿ ಏಳುತ್ತಿದ್ದವನು ಇವನೇ.

ಆದರೂ ಒಮ್ಮೆ ತಿಂದ. ಮನೆಯ ಹಿಂದೆ ಗುಡ್ಡೆ, ಗುಡ್ಡೆಯ ಆಚೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆ, ಬೇಲಿ ಇಲ್ಲ, ಮಳೆಗಾಲದಲ್ಲಿ ಅಂಚಿನವರೆಗೆ ಕೆಂಪು ನೀರು, ಅದರ ಪಕ್ಕದ ಪಾದೆಕಲ್ಲಿನ ಮೇಲೆ ಕುಳಿತು ತಿಂದು ಸಂಜೆ ಬಂದ, ಕಣ್ಣು ಗುಂಡಗೆ ದೊಡ್ಡದು, ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದ, ನಗುತ್ತಾ ಅಳುತ್ತಿದ್ದ. ಅವನ ಗಲ್ಲ ಹಿಡಿದು ಎತ್ತಿದೆ. ಎಂತ ಹೇಳಿದರಾ ನಿನ್ನ ನೆಂಟರು? ಅವರು ಹೇಳುವುದಿಲ್ಲ ಅಕ್ಕಾ, ಕರೀತಾರೆ, ಒಂದೇ ಸಲ ಕರೀತಾರೆ. ಒಂದೇ ಸಲವಾ, ಹಾಗಾದರೆ ಅದು ಕುಲೆ, ಅಜ್ಜಿ ಹೇಳಿದ್ದು ಮರೆತೆಯಾ — ಮನುಷ್ಯರಾದರೆ ಮೂರು ಸಲ ಕರೀತಾರೆ ಮಗಾ, ಕುಲೆ ಒಂದೇ ಸಲ, ನಡುಮಧ್ಯಾಹ್ನ, ನಿನಗೆ ಬೇಕಾದವರ ಸ್ವರದಲ್ಲೇ ಕರೀತದೆ, ಮೊದಲ ಕರೆಗೆ ಓ ಅಂದೆಯೋ ಕರ್ಕೊಂಡು ಹೋಗ್ತದೆ — ಅಜ್ಜಿ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ ಪಾಠ. ಅವನು ಅಳು ನಿಲ್ಲಿಸಿದ. ಗೊತ್ತುಂಟಾ ಅಕ್ಕಾ, ವಿಜ್ಞಾನಿಗಳದ್ದೂ ಇದೇ ಕಾನೂನು, ನಾವು ಹುಟ್ಟುವ ಮೊದಲೇ ಅಮೆರಿಕದ ಒಂದು ದೊಡ್ಡ ಆಂಟೆನಾಕ್ಕೆ ಆಕಾಶದಿಂದ ಒಂದು ಸಿಗ್ನಲ್ ಬಂದಿತ್ತು, ಒಂದು ನಿಮಿಷಕ್ಕೆ ಚೂರು ಜಾಸ್ತಿ, ಮತ್ತೆ ಬರಲೇ ಇಲ್ಲ, ಒಂದೇ ಸಲ ಬಂದದ್ದು ಸಾಕ್ಷಿಯಲ್ಲ ಅಂತ ಬಿಟ್ಟರು, ಕಾದರು, ಈಗಲೂ ಕಾಯ್ತಾ ಇದ್ದಾರೆ, ನಮ್ಮ ಅಜ್ಜಿಯೂ ಅವರೂ ಒಂದೇ ಸ್ಕೂಲು. ಒಂದು ಸಲ ಕರೆಯುವಷ್ಟೇ ಶಕ್ತಿ ಇದ್ದವನು ಎಂತ ಮಾಡಬೇಕು ಅಕ್ಕಾ? ಹೀಗೆ ಕೇಳಿದ. ನನಗೆ ಸಿಟ್ಟು ಬಂದಿತ್ತು, ಅವನ ಕೈ ಹಿಡಿದು ನನ್ನ ತಲೆ ಮೇಲೆ ಇಟ್ಟು ಆಣೆ ಹಾಕಿಸಿದೆ, ಇನ್ನು ಅದನ್ನು ತಿನ್ನಬಾರದು, ತಿಂದು ಗುಡ್ಡೆಯಿಂದ ನನ್ನನ್ನು ಕರೆದರೆ ಮೂರು ಸಲ ಕರೆಯಬೇಕು, ಒಂದು ಸಲ ಕರೆದರೆ ನಾನು ಓ ಅನ್ನುವುದಿಲ್ಲ, ನೋಡು. ಆಯ್ತು ಮಾರಾಯ್ತಿ, ಮೂರು ಸಲ.

ಹೋದ ಆಟಿಯ ಒಂದು ಭಾನುವಾರ. ಅಮ್ಮ ಬಿ.ಸಿ. ರೋಡಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ನಡುಮಧ್ಯಾಹ್ನ, ಮಳೆ ಗಳಿಗೆ ಹೊತ್ತು ಬಿಟ್ಟು ಬಿಸಿಲು ಬಂದಿತ್ತು, ನಾನು ಒಲೆಯ ಮುಂದೆ, ಹಿಟ್ಟು ಹೊಯ್ದು ಮುಚ್ಚಳ ಇಟ್ಟು ತೆಗೆದಿದ್ದೆ, ಅಂಚು ಏಳುತ್ತಿತ್ತು, ತೆಗೆಯಲು ಕೈ ಚಾಚಿದ್ದೆ, ಆಗ ಗುಡ್ಡೆಯ ಕಡೆಯಿಂದ — ಅಕ್ಕಾ. ಒಂದೇ. ಉದ್ದ ಇಲ್ಲ, ಕತ್ತರಿಸಿದ ಹಾಗೆ. ಅವನದೇ ಸ್ವರ. ನಾಲಿಗೆಯ ತುದಿಗೆ ಓ ಬಂದಿತ್ತು, ದೇವರಾಣೆಗೂ ಬಂದಿತ್ತು, ಹಲ್ಲು ಕಚ್ಚಿ ನುಂಗಿದೆ. ನಡುಮಧ್ಯಾಹ್ನ, ಒಂದೇ ಕರೆ, ಬೇಕಾದವರ ಸ್ವರ, ಎಲ್ಲ ಅಜ್ಜಿ ಹೇಳಿದ ಹಾಗೆಯೇ. ಅವನೇ ಆದರೆ ಇನ್ನೆರಡು ಸಲ ಕರೆಯುತ್ತಾನೆ, ಆಣೆ ಹಾಕಿದ್ದಾನೆ, ಕಾಯುವ. ಕಾದೆ. ಚಾಚಿದ ಕೈ ಹಾಗೆಯೇ ಇತ್ತು. ದೋಸೆಯ ಅಂಚು ಪೂರ್ತಿ ಎದ್ದಿತು, ಕೆಂಪಾಯಿತು, ಒಳಕ್ಕೆ ಸುರುಳಿಯಾಯಿತು, ಕಪ್ಪಾಯಿತು, ಹೊಗೆ ಬಂತು, ಎರಡನೇ ಕರೆ ಬರಲಿಲ್ಲ. ನೋಡು, ಕುಲೆಯೇ, ಬಚಾವಾದೆ, ಎಂದುಕೊಂಡೆ, ಹೌದು, ಬಚಾವಾದೆ ಎಂದೇ ಅಂದುಕೊಂಡೆ ನಾನು, ಸುಟ್ಟ ದೋಸೆಯನ್ನು ಕಾಗೆಗೆ ಎಸೆದು ಮತ್ತೊಂದು ಹೊಯ್ದೆ, ಸಾರು ಕುದಿಸಿದೆ, ಅವನ ತಟ್ಟೆಗೆ ಕೋಳಿಯ ಕಾಲಿನ ತುಂಡು ತೆಗೆದಿಟ್ಟೆ.

ಮೂರು ಗಂಟೆಗೆ ಮೀನು ಮಾರುವ ಉಮ್ಮರಾಕ ಬಂದರು, ಹಾರ್ನ್ ಹೊಡೆಯಲಿಲ್ಲ, ಸ್ಕೂಟರಿನಲ್ಲಿ ಮೀನಿನ ಪೆಟ್ಟಿಗೆ, ಕೈಯಲ್ಲಿ ಚಪ್ಪಲಿ. ಇದು ತಮ್ಮನದ್ದಾ ದೀಪಕ್ಕಾ, ಕೋರೆಯ ಬದಿಯಲ್ಲಿ ಇತ್ತು. ಅವರೇ ಕೋರೆಗೆ ಇಳಿದು ಅವನನ್ನು ಎತ್ತಿದ್ದು, ಲುಂಗಿ ಕಟ್ಟಿ, ಅರುವತ್ತು ವರ್ಷದ ಮನುಷ್ಯ, ಎತ್ತಿ ಮಲಗಿಸಿ ಹಣೆ ಬಡಿದುಕೊಂಡು ಅತ್ತರು. ಪಾದೆಯ ಮೇಲೆ ಅರ್ಧ ತಿಂದ ಅಣಬೆ. ಕೋರೆಯ ಅಂಚಿನಲ್ಲಿ ಕಾಲು ಜಾರಿದ ಗೆರೆ, ಮಣ್ಣು ಕಿತ್ತ ಐದು ಬೆರಳಿನ ಗುರುತು. ಪೊಲೀಸರು ಕೇಳಿದರು, ಏನಾದ್ರೂ ಕೂಗು ಕೇಳಿತಾ ನಿಮಗೆ? ಇಲ್ಲ ಸರ್. ಅಮ್ಮ ಕೇಳಿದಳು. ಇಲ್ಲಮ್ಮ, ಕುಕ್ಕರಿನ ಶಬ್ದ ಇತ್ತು. ಕುಕ್ಕರ್ ಇಟ್ಟೇ ಇರಲಿಲ್ಲ. ವರ್ಷದಿಂದ ದಿನಾ ಅನ್ನುತ್ತಾಳೆ, ಒಂದು ಸಲವಾದ್ರೂ ಕರೆದಿರಬೇಕು ಅವನು, ಯಾರನ್ನೂ ಕರೆಯದೆ ಹೋಗುವ ಮಗ ಅಲ್ಲ ಅದು. ನಾನು ಬೀಡಿ ಎಲೆ ಕತ್ತರಿಸುತ್ತೇನೆ, ಕತ್ತರಿ ತಪ್ಪಿ ಎಲೆ ಹಾಳಾಗುತ್ತದೆ.

ಈಗ ನಾನೂ ಅವರನ್ನು ನಂಬಲು ನೋಡುತ್ತೇನೆ, ಹುಚ್ಚು ಎಂದರೆ ಹುಚ್ಚೇ ಇರಲಿ — ಆಕಾಶದವರು ಇದ್ದರೆ, ಅಂದು ಕರೆದದ್ದು ಅವರೇ ಆಗಿದ್ದರೆ, ಅವನ ಸ್ವರ ಕದ್ದು ಕರೆದಿದ್ದರೆ, ನಾನು ಮಾಡಿದ್ದು ಸರಿ. ಅವರಿಲ್ಲದಿದ್ದರೆ ಕರೆದವನು ಮುಳುಗುತ್ತಿದ್ದವನು. ಮೊನ್ನೆ ಗುಡ್ಡೆಗೆ ಹೋದೆ, ಅದೇ ಜಾಗದಲ್ಲಿ ಅಣಬೆ ಎದ್ದಿದ್ದವು, ಬೆಳ್ಳಗೆ, ಒಂದು ಕಿತ್ತು ಬಾಯಿಯವರೆಗೆ ತಂದೆ, ತಿಂದು ಕೇಳುವ, ಅಂದು ಕರೆದದ್ದು ಯಾರಪ್ಪಾ ಎಂದು ಕೇಳುವ, ತುಟಿಗೆ ತಾಗಿದ್ದೇ ಹೆದರಿ ಕೋರೆಗೆ ಎಸೆದೆ, ನಾವಲ್ಲ ಎಂದು ಅವರು ಉತ್ತರ ಕೊಟ್ಟುಬಿಟ್ಟರೆ ಮತ್ತೆ ನಾನು ಬದುಕುವುದು ಹೇಗೆ. ಕೆಂಪು ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿತು ಅದು.

ದೀಪಾ, ಹೊತ್ತಾಯಿತು, ಎಲೆ ಹಾಕು. ಮುಸ್ಸಂಜೆ. ಎಲೆ ಹಾಕಿದೆ, ದೋಸೆ, ಸಾರು, ಕಾಲಿನ ತುಂಡು, ಪಕ್ಕದಲ್ಲಿ ಅವನ ಒಡೆದ ಗ್ಲಾಸಿನ ಫೋನು, ಅಮ್ಮ ಅದನ್ನೂ ಇಟ್ಟಿದ್ದಾಳೆ, ಚಾರ್ಜ್ ಮಾಡಿ ಇಟ್ಟಿದ್ದಾಳೆ. ದೀಪ ಹಚ್ಚಿ ಹೊಸ್ತಿಲಿಗೆ ಬಂದೆವು. ಕರಿ ಮಗಾ, ಮೂರು ಸಲ. ಹೊರಗೆ ಗುಡ್ಡೆ ಕಪ್ಪಗೆ, ಒಂದು ನಕ್ಷತ್ರ ಇಲ್ಲ. ಸೃಜನ್ ಎನ್ನಬೇಕು, ಬಾಯಿ ತೆರೆದೆ, ಯಾವ ಮುಖದಲ್ಲಿ ಮೂರು ಸಲ ಕರೆಯಲಿ, ಒಂದು ಸಲ ಕರೆದವನನ್ನು, ಒಂದು ಸಲ ಕರೆಯುವಷ್ಟೇ ಶಕ್ತಿ ಇದ್ದವನನ್ನು, ಹೆಸರು ಬರಲಿಲ್ಲ, ವರ್ಷದಿಂದ ಹಲ್ಲಿನ ಹಿಂದೆ ಕುಳಿತದ್ದೇ ಬಂತು, ಓ, ಎಂದೆ, ಗುಡ್ಡೆಗೆ ಕೇಳುವಷ್ಟು ದೊಡ್ಡದಾಗಿ, ಓ ಸೃಜಾ, ಓ. ಅಮ್ಮನ ಕೈ ನನ್ನ ತೋಳು ಹಿಡಿಯಿತು. ಯಾರು ಕರೆದ್ರು ದೀಪಾ? ಈಗ ಯಾರೂ ಕರೀಲಿಲ್ಲ ಅಲ್ವಾ. ಈಗ ಅಲ್ಲಮ್ಮ. ಮತ್ತೆ? ಮತ್ತೆ ಯಾವಾಗ ಕರೆದದ್ದು? ಹಿಡಿದ ಕೈ ಮೆಲ್ಲಗೆ ಸಡಿಲವಾಗುತ್ತಿದೆ, ಒಂದೊಂದೇ ಬೆರಳು, ಅವಳಿಗೆ ಗೊತ್ತಾಗುತ್ತಿದೆ, ಗೊತ್ತಾಯಿತು, ಅವಳು ನನ್ನನ್ನು ನೋಡುತ್ತಿದ್ದಾಳೆ, ನಾನು ಅವಳನ್ನು ನೋಡಲಾರೆ, ನನ್ನ ಕಣ್ಣಿಗೆ ಕಾವಲಿ ಮಾತ್ರ, ಆ ಮಧ್ಯಾಹ್ನದ ಬಿಸಿಲು ಬಿದ್ದ ಕಾವಲಿ, ಚಾಚಿದ ಕೈ, ಅಂಚು ಏಳುತ್ತಿದೆ, ಒಂದು ಬದಿ ಎದ್ದಿದೆ, ಇನ್ನೂ ಬೆಳ್ಳಗಿದೆ, ಇನ್ನೂ ಸುಟ್ಟಿಲ್ಲ, ಓ ಅನ್ನು ದೀಪಶ್ರೀ, ಈಗ ಅನ್ನು, ಅಂಚು ಏಳುತ್ತಿದೆ, ಅಂಚು