ಮುಂಗುರುಳಿನ ಈ ತಿಂಗಳ ಕವನ

"ಭಾನುವಾರ ಸಂಜೆ ಆರು ಗಂಟೆಯೊಳಗೆ ಈ ತಿಂಗಳ ಕವನ ಹಾಕದವರನ್ನು ಯಾವ ಮುಲಾಜೂ ಇಲ್ಲದೆ ಬಳಗದಿಂದ ತೆಗೆಯಲಾಗುವುದು" ಎಂಬ ಸಾಲನ್ನು ಸರ್ವಮಂಗಳಾ ಫೋನಿನಲ್ಲಿ ಮತ್ತೊಮ್ಮೆ ಓದಿದಳು. ಯಾರ್ಯಾರು ಹಾಕಿಲ್ಲ ಎಂದು ಕೆಳಗೆ ಹೆಸರು ಬರೆದಿದ್ದರು. ಎರಡನೆಯದೇ ಮುಂಗುರುಳು. ಕುಚ್ಚು ಕಟ್ಟಲೆಂದು ತೊಡೆಯ ಮೇಲೆ ಹರಡಿಕೊಂಡಿದ್ದ ಯಾರದೋ ಮದುವೆ ಸೀರೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ.

ಮುಂಗುರುಳು ಅವಳ ಮಗಳು ಗಾನವಿಯ ಕಾವ್ಯನಾಮ. ಗಾನವಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬಿ.ಎಡ್. ಓದಲು ನಂಜನಗೂಡಿನಿಂದ ತಿ. ನರಸೀಪುರಕ್ಕೆ ದಿನಾ ಸ್ಕೂಟಿಯಲ್ಲಿ ಹೋಗಿಬರುತ್ತಿದ್ದ ಹುಡುಗಿ, ಒಂದು ಸಂಜೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದಳು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಇದ್ದದ್ದು ಒಂದೇ ಕಡೆ, ಅವಳು ಕವನ ಹಾಕುತ್ತಿದ್ದ ವಾಟ್ಸಾಪ್ ಗುಂಪಿನಲ್ಲಿ.

ಎರಡು ಹೊಳೆ ಕಾವ್ಯ ಬಳಗ ಎಂದು ಅದರ ಹೆಸರು. ಕಪಿಲೆಯ ದಡದವರೂ ಕಾವೇರಿಯ ದಡದವರೂ ಸೇರಿಕೊಂಡು ಕವಿಗಳಾಗಲು ಹೊರಟಿದ್ದರು. ಗುಂಪು ಕಟ್ಟಿದವನು ತಿ. ನರಸೀಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ನಿಂಗರಾಜು. ಕವನ ಹಾಕಿದವರಿಗೆಲ್ಲ ಅಭಿನಂದನಾ ಪತ್ರ ಮಾಡಿ ಕಳಿಸುತ್ತಿದ್ದ. ಅದರಲ್ಲಿ ಕವಿಯ ಹೆಸರಿಗಿಂತ ಅವನ ಅಂಗಡಿಯ ವಿಳಾಸವೇ ದಪ್ಪಗಿರುತ್ತಿತ್ತು. ತಿದ್ದುವ ಕೆಲಸ ಮಾತ್ರ ಬಿಳಿಗೆರೆಯ ನಿವೃತ್ತ ಮೇಷ್ಟ್ರು ಮಾದಯ್ಯನವರದು. ಗುಂಪಿನಲ್ಲಿ ಯಾರೂ ನಿಜ ಹೆಸರು ಹೇಳಬಾರದು, ಫೋಟೋ ಹಾಕಬಾರದು ಎಂದು ಕಟ್ಟಳೆ ಮಾಡಿದವರೂ ಅವರೇ. ಹೆಸರು ಕೇಳಿದರೆ ಜಾತಿ ಗೊತ್ತಾಗುತ್ತದೆ, ಜಾತಿ ಗೊತ್ತಾದರೆ ಓದುವ ಕಣ್ಣೇ ಬದಲಾಗುತ್ತದೆ ಎಂದು ಅವರ ವಾದ. ಒಳ್ಳೆಯ ಕಟ್ಟಳೆಯೇ. ಅದರ ದೆಸೆಯಿಂದ, ಬೆಳಿಗ್ಗೆ ಪೇಪರಿನಲ್ಲಿ ಗಾನವಿಯ ಸುದ್ದಿ ಓದಿ ಅಯ್ಯೋ ಪಾಪ ಅಂದವರು ಸಂಜೆ ಮುಂಗುರುಳಿಗೆ ಎಲ್ಲಿ ಮಾಯವಾಗಿದ್ದೀರಿ ಎಂದು ಕೇಳುತ್ತಿದ್ದರು.

ಸರ್ವಮಂಗಳಾ ಆ ಗುಂಪನ್ನು ಮೊದಲು ನೋಡಿದ್ದು ಮಗಳ ಶಿವಗಣಾರಾಧನೆ ಮುಗಿದ ಮಾರನೆಯ ದಿನ. ನೆಂಟರೆಲ್ಲ ಹೊರಟುಹೋಗಿದ್ದರು. ಬೀರುವಿನೊಳಗಿದ್ದ ಮಗಳ ಫೋನು ಸದ್ದು ಮಾಡಿತು. ತೆಗೆದು ನೋಡಿದರೆ ಯಾರೋ ಊಟ ಆಯ್ತಾ ಎಂದು ಕೇಳಿದ್ದರು. ಅವಳು ಒಂದೊಂದೇ ಅಕ್ಷರ ಹುಡುಕಿ ಆಯ್ತು ಎಂದು ಒತ್ತಿದಳು.

ಅಂದಿನಿಂದ ಶುರುವಾಯಿತು. ಕಾಲೇಜಿನ ಹಾಜರಿಯಿಂದ ಗಾನವಿ ಹೋಗಿದ್ದಳು. ಪಡಿತರ ಚೀಟಿಯಿಂದ ಹೋಗಿದ್ದಳು. ಶಾಲೆಯ ವ್ಯಾನು ಓಡಿಸುವ ಗಂಡ ರುದ್ರೇಶ್ ಅವಳ ಬಟ್ಟೆಬರೆಯನ್ನೆಲ್ಲ ಒಂದೇ ದಿನ ಕಟ್ಟಿ ಯಾರಿಗೋ ಕೊಟ್ಟುಬಂದಿದ್ದ. ಅವನೇನು ಕಲ್ಲೆದೆಯವನಲ್ಲ, ನೋಡಿಕೊಂಡು ಇರಲಾರದೆ ಹಾಗೆ ಮಾಡಿದ. "ಆ ಫೋನ್ ಆಫ್ ಮಾಡ್ಬುಡು ಮಂಗಳಾ. ಅವ್ಳಿಲ್ಲ" ಎಂದು ಒಮ್ಮೆ ಹೇಳಿ, ಆಮೇಲೆ ಅದರ ಸುದ್ದಿಗೇ ಬಂದಿರಲಿಲ್ಲ. ಗುಂಪಿನಲ್ಲಿ ಮಾತ್ರ ಗಾನವಿ ಇದ್ದಳು. ಅಲ್ಲಿ ಅವಳನ್ನು ಕೇಳುವವರಿದ್ದರು, ರೇಗಿಸುವವರಿದ್ದರು. ಅವಳು ಬರೆದು ಫೋನಿನಲ್ಲೇ ಉಳಿಸಿಕೊಂಡಿದ್ದ ಮೂರು ಕವನಗಳನ್ನು ಸರ್ವಮಂಗಳಾ ತಿಂಗಳಿಗೊಂದರಂತೆ ಹಾಕಿದಳು. ಎರಡನೆಯದಕ್ಕೆ ಮಾದಯ್ಯ ಮೇಷ್ಟ್ರು, ಪ್ರಾಸ ಕೆಟ್ಟಿದೆ, ಈ ಹುಡುಗಿಗೆ ಇತ್ತೀಚೆಗೆ ಸೋಮಾರಿತನ ಬಂದಿದೆ ಎಂದು ಬರೆದರು. ಅದನ್ನು ಓದಿ ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಹೊಟ್ಟೆ ತುಂಬ ಊಟ ಮಾಡಿದಳು. ಸತ್ತವರನ್ನು ಯಾರೂ ಸೋಮಾರಿ ಅನ್ನುವುದಿಲ್ಲ.

ಮೂರೂ ಮುಗಿದಿದ್ದವು. ಫೋನನ್ನೆಲ್ಲ ತಡಕಿದಳು. ಒಂದು ಸಾಲೂ ಸಿಗಲಿಲ್ಲ.

ಭಾನುವಾರ ಮಧ್ಯಾಹ್ನ ರುದ್ರೇಶ್ ಮಲಗಿದ್ದಾಗ ಅವಳು ಅಡುಗೆಮನೆಯಲ್ಲಿ ಕೂತು ಬರೆಯಲು ನೋಡಿದಳು. ಮಗಳ ಕವನದಲ್ಲಿ ಬರುತ್ತಿದ್ದ ಹೊಳೆ, ತಿಂಗಳು, ತಂಗಾಳಿ ಎಲ್ಲವನ್ನೂ ತಂದಿಟ್ಟಳು. ಒಂದೂ ಇನ್ನೊಂದರ ಪಕ್ಕ ನಿಲ್ಲಲಿಲ್ಲ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಮಾತ್ರ ಪಾಸಾಗಿದ್ದವಳು ಅವಳು. ಐದೂವರೆ ಆಯಿತು. ಕೈ ಬೆವರಿ ಪರದೆ ಒದ್ದೆಯಾಗಿ ಅಕ್ಷರಗಳು ತಪ್ಪುತಪ್ಪಾಗಿ ಬೀಳತೊಡಗಿದವು. ನಂಜುಂಡಪ್ಪ ಇದೊಂದು ಸಲ ಕಾಪಾಡು ಎಂದು ಎಲ್ಲವನ್ನೂ ಅಳಿಸಿ, ಬಾಯಿಗೆ ಬಂದದ್ದನ್ನು ಒತ್ತಿ ಕಳಿಸಿಬಿಟ್ಟಳು:

ಸೀರೆ ಅಂಚಿಗೆ ಗಂಟು ಹಾಕುತ್ತೇನೆ
ನೂಲು ಮುಗಿಯುತ್ತದೆ ಅಂಚು ಮುಗಿಯುವುದಿಲ್ಲ
ತಟ್ಟೆ ತೊಳೆದಿಟ್ಟಿದ್ದೇನೆ
ಹಸಿವಾದಾಗ ಬಾ

ಮೊದಲು ಚಪ್ಪಾಳೆಗಳು ಬಂದವು, ಹೂಗಳು ಬಂದವು. ಸೂಪರ್ ಎಂದು ಒಬ್ಬರು, ಚಿಕ್ಕದಾದರೂ ಚೊಕ್ಕ ಎಂದು ಇನ್ನೊಬ್ಬರು. ಬಚಾವಾದೆ ಅಂದುಕೊಂಡು ಅವಳು ಒಲೆ ಹಚ್ಚಿದಳು. ಹಾಲು ಉಕ್ಕುವ ಹೊತ್ತಿಗೆ ಮೇಷ್ಟ್ರ ಮಾತು ಬಂತು. ಇದು ಮುಂಗುರುಳಿನ ಕೈಯಲ್ಲ ಎಂದು ಬರೆದಿದ್ದರು. ಅವಳ ಒಂದು ಸಾಲನ್ನು ಕತ್ತಲಲ್ಲಿ ಕೊಟ್ಟರೂ ಗುರುತು ಹಿಡಿಯುತ್ತೇನೆ. ಕಾಲೇಜು ಹುಡುಗಿ ಇಂಥದ್ದನ್ನು ಬರೆಯಲಾರಳು. ಇದು ಯಾರೋ ದೊಡ್ಡವರು, ಬೆಂದವರು ಬರೆದದ್ದು. ಕೃತಿಚೌರ್ಯಕ್ಕೆ ನಮ್ಮಲ್ಲಿ ಏನು ಶಿಕ್ಷೆ ಎಂದು ಎಲ್ಲರಿಗೂ ಗೊತ್ತು. ನಾಳೆ ಸಂಜೆಯೊಳಗೆ ಮೂಲ ಕವಿಯ ಹೆಸರು ಹೇಳಿ ಕ್ಷಮೆ ಕೇಳದಿದ್ದರೆ ಬಳಗದಿಂದ ಹೊರಗೆ.

ಕತ್ತಲಲ್ಲಿ ಕೊಟ್ಟರೂ ಗುರುತು ಹಿಡಿಯುತ್ತೇನೆ ಅನ್ನುವಲ್ಲಿ ಅವಳ ಕಣ್ಣು ತುಂಬಿತು. ತನ್ನ ಮಗಳನ್ನು ಮನೆಯ ಹೊರಗೂ ಒಬ್ಬರು ಅಷ್ಟು ಬಲ್ಲವರಿದ್ದರು. ಅವರೇ ಈಗ ಅವಳನ್ನು ಕಳ್ಳಿ ಅನ್ನುತ್ತಿದ್ದರು. ಹಾಲು ಉಕ್ಕಿ ಒಲೆ ಆರಿಹೋಯಿತು.

ಬರೆದದ್ದು ನಾನೇ ಎಂದರೆ ಮುಂಗುರುಳು ಯಾರು ಎಂದು ಕೇಳುತ್ತಾರೆ. ಮಗಳು ಸತ್ತಿದ್ದಾಳೆ ಎಂದರೆ ಅಲ್ಲಿಯೂ ಸಾಯುತ್ತಾಳೆ. ಸುಮ್ಮನಿದ್ದರೆ ಕಳ್ಳಿಯಾಗಿ ಹೊರಗೆ ಹೋಗುತ್ತಾಳೆ. ಸರ್ವಮಂಗಳಾಗೆ ಬೆಳಗಿನ ತನಕ ನಿದ್ದೆ ಹತ್ತಲಿಲ್ಲ. ಸೋಮವಾರ ಮಧ್ಯಾಹ್ನ ಗಂಡ ಮತ್ತೆ ವ್ಯಾನು ತೆಗೆದದ್ದೇ ತಡ, ಅಭಿನಂದನಾ ಪತ್ರದಲ್ಲಿದ್ದ ವಿಳಾಸ ನೋಡಿಕೊಂಡು ತಿ. ನರಸೀಪುರದ ಬಸ್ಸು ಹತ್ತಿದಳು. ಮಗಳು ಹೋದ ಮೇಲೆ ಆ ರಸ್ತೆಯಲ್ಲಿ ಅವಳು ಹೋಗಿರಲಿಲ್ಲ. ಕಿಟಕಿಯ ಕಡೆ ತಿರುಗದೆ, ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿಕೊಂಡೇ ಕೂತಿದ್ದಳು.

ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ನಿಂಗರಾಜು ಕಂಪ್ಯೂಟರಿನ ಮುಂದೆ ಕೂತು ಯಾವುದೋ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಪುಢಾರಿಯೊಬ್ಬನ ಹೊಟ್ಟೆ ಕರಗಿಸುತ್ತಿದ್ದ. ನಲವತ್ತರ ಆಸುಪಾಸಿನ ಆಸಾಮಿ. ಏನು ಮಾಡಿಸಬೇಕು, ಗೃಹಪ್ರವೇಶವಾ ನಾಮಕರಣವಾ ಎಂದು ತಿರುಗದೆಯೇ ಕೇಳಿದ.

"ಮುಂಗುರುಳು ಕಡೆಯಿಂದ ಬಂದಿವ್ನಿ ಸಾ" ಎಂದಳು.

ಅವನು ತಿರುಗಿದ. ಕುರ್ಚಿ ಎಳೆದುಕೊಟ್ಟ. ಆ ಹುಡುಗಿ ತುಂಬ ಒಳ್ಳೆಯದು, ಏನೋ ತಪ್ಪು ಮಾಡಿದೆ, ಮೇಷ್ಟ್ರಿಗೆ ಒಂದು ಮಾತು ಕ್ಷಮಿಸಿ ಅಂದುಬಿಡಲಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಒಂದೇ ಸಮ ಹೇಳಿದ. ಅವಳು ಫೋನಿನಲ್ಲಿ ಮಗಳ ಫೋಟೋ ತೆಗೆದು ಮುಂದೆ ಹಿಡಿದಳು.

ನಿಂಗರಾಜು ನೋಡಿದ. ಆ ಫೋಟೋ ಅವನ ಕಂಪ್ಯೂಟರಿನಲ್ಲೇ ಇತ್ತು. ನಾಲ್ಕು ತಿಂಗಳ ಹಿಂದೆ ಕಾಲೇಜಿನ ಹುಡುಗಿಯರು ಅಳುತ್ತಾ ಬಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿಕೊಂಡು ಹೋಗಿದ್ದರು. ಅವನೇ ಆ ಮುಖದ ಹಿಂದಿನ ಗೋಡೆ ತೆಗೆದು ಮೋಡ ಹಾಕಿದ್ದ, ಎರಡೂ ಕಡೆ ದೀಪ ಇಟ್ಟಿದ್ದ. ಅದೇ ಸಂಜೆ ಮುಂಗುರುಳಿಗೆ ಶುಭಸಂಜೆ ಎಂದು ಗುಲಾಬಿ ಕಳಿಸಿದ್ದ.

"ಇದು ಗಾನವಿ ಅಲ್ವಾ ಅಕ್ಕ" ಎಂದ.

"ಊಂ. ನೀವು ತುಂಬ ಬೆಳ್ಳಗೆ ಮಾಡಿದ್ರಿ. ಅವ್ಳು ಅಷ್ಟು ಬೆಳ್ಳಗಿರ್ನಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಮೂರು ಕವನ ಅವಳದು, ನಾಲ್ಕು ಸಾಲು ತನ್ನದು ಎಂದಳು. ಅವನು ತಲೆ ಮೇಲೆ ಕೈ ಹೊತ್ತು ಕೇಳಿಸಿಕೊಂಡ. ಮೇಷ್ಟ್ರು ಅದನ್ನು ಯಾರೋ ದೊಡ್ಡ ಕವಿಯದು ಅಂದುಕೊಂಡಿದ್ದಾರೆ, ನೀವೇ ನಿಮ್ಮ ನಂಬರಿನಿಂದ ಬಳಗಕ್ಕೆ ಸೇರಿ, ಬರೆಯಿರಿ, ಮಗಳ ಹೆಸರೂ ಉಳಿಯುತ್ತದೆ ಎಂದು ಸಮಾಧಾನ ಮಾಡಲು ನೋಡಿದ.

"ನಂಗೆ ಬ್ಯಾಡ. ನಾನು ಕವಿ ಅಲ್ಲ. ಅವ್ಳು ಅಲ್ಲಿರ್ಬೇಕು, ಅಷ್ಟೇಯ. ಅವ್ಳ್ನ ತೆಗೀಬ್ಯಾಡಿ. ಯಾರ್ಗೂ ಏಳ್ಬ್ಯಾಡಿ."

"ಇಷ್ಟು ದಿನ ಸತ್ತೋದೋಳ್ಗೆ ದಿನಾ ಶುಭೋದಯ ಹಾಕಿವ್ನಲ್ಲಕ್ಕ ನಾನು."

"ಆಕಿ" ಎಂದಳು ಸರ್ವಮಂಗಳಾ. "ಹಿಂಗೇ ಆಕ್ತಾ ಇರಿ."

ಅವನು ಕಣ್ಣೊರೆಸಿಕೊಂಡು ಆಗಲಿ ಎಂದ. ಮೇಷ್ಟ್ರನ್ನು ಹೇಗೋ ಸುಮ್ಮನಿರಿಸುತ್ತೇನೆ, ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಕಂಪ್ಯೂಟರಿನ ಮೇಲಿದ್ದ ದೇವರ ಪಟ ಮುಟ್ಟಿ ಮಾತು ಕೊಟ್ಟ. ಟೀ ತರಿಸಿದ. ಅವಳನ್ನು ಬಸ್ಸಿನ ತನಕ ಬಂದು ಹತ್ತಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಗಡಿಗೆ ವಾಪಸು ಹೋಗುವ ತನಕ ಅದನ್ನು ಉಳಿಸಿಕೊಳ್ಳಬೇಕೆಂದೇ ಇದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಾಳೆಎಲೆಯ ಕಟ್ಟು ಇಟ್ಟುಕೊಂಡ ಮುದುಕಿಯೊಬ್ಬಳು ಪಕ್ಕಕ್ಕೆ ಬಂದು ಕೂತಳು. ಬಹಳ ದಿನದ ಮೇಲೆ ಸರ್ವಮಂಗಳಾಗೆ ಉಸಿರು ಸಲೀಸಾಗಿತ್ತು. ಮುಂದಿನ ತಿಂಗಳಿಗೆ ಏನು ಬರೆಯಲಿ ಎಂಬ ಯೋಚನೆಯೂ ಬಂತು. ಈ ಸಲ ಪ್ರಾಸ ಹಾಕಬೇಕು, ಇಲ್ಲದಿದ್ದರೆ ಮೇಷ್ಟ್ರು ಬಿಡುವುದಿಲ್ಲ ಅಂದುಕೊಂಡಳು. ಸುತ್ತೂರು ಇನ್ನೂ ಬಂದಿರಲಿಲ್ಲ, ಫೋನು ಸದ್ದು ಮಾಡಿತು.

ನಿಂಗರಾಜುವಿನದು, ಅವಳೊಬ್ಬಳಿಗೇ. "ಅಕ್ಕ ಕ್ಷಮಿಸಿ. ಮೇಷ್ಟ್ರು ಮತ್ತೆ ಕಳ್ಳಿ ಎಂದು ಬರೆಯಲು ಹೊರಟಿದ್ದರು. ಆ ಮಗುವಿಗೆ ಆ ಮಾತು ಅನ್ನಿಸುವುದು ನನ್ನಿಂದಾಗಲಿಲ್ಲ. ಅವರೊಬ್ಬರಿಗೇ ಹೇಳಿದೆ."

ಅದನ್ನು ಓದಿ ಮುಗಿಸುವುದರೊಳಗೆ ಗುಂಪಿನಲ್ಲಿ ಮಾದಯ್ಯನವರ ಬರಹ ಬಿತ್ತು. ತಾನು ಪಾಪಿ, ಸತ್ತ ಮಗುವನ್ನು ಕಳ್ಳಿ ಅಂದ ಈ ಬೆರಳುಗಳು ಬಿದ್ದುಹೋಗಬೇಕಿತ್ತು ಎಂದು ಶುರುಮಾಡಿ, ಮುಂಗುರುಳು ಅಂದರೆ ಗಾನವಿ, ಅವಳಿಲ್ಲದೆ ನಾಲ್ಕು ತಿಂಗಳಾಯಿತು, ಆ ನಾಲ್ಕು ಸಾಲು ಹೆತ್ತ ತಾಯಿಯದು ಎಂದು ಎಲ್ಲವನ್ನೂ ಬರೆದಿದ್ದರು. ಬರೆದ ಮುದುಕ ನಿಜವಾಗಿಯೂ ಅಳುತ್ತಿದ್ದ. ಕೊನೆಯಲ್ಲಿ, ಇಂದು ಬಳಗದವರೆಲ್ಲ ಈ ಮಗುವಿಗೆ ನುಡಿನಮನ ಸಲ್ಲಿಸಬೇಕು, ವಿಷಯ ಮುಂಗುರುಳು ಎಂದಿತ್ತು.

ಸರ್ವಮಂಗಳಾ ಫೋನನ್ನು ಮಡಿಲಿಗೆ ಒತ್ತಿ ಹಿಡಿದಳು. ಒತ್ತಿ ಹಿಡಿದರೆ ನಿಲ್ಲುತ್ತದೆಯೇ. ಒಂದರ ಹಿಂದೊಂದು ಬರತೊಡಗಿದವು. ಬಾಡಿದ ಹೂವೇ, ಆರಿದ ದೀಪವೇ, ಹಾರಿದ ಹಕ್ಕಿಯೇ. ಮುಗಿದ ಕೈಗಳು. ಮೋಡದ ನಡುವೆ ತುಂಬ ಬೆಳ್ಳಗಿನ ಗಾನವಿ, ಕೆಳಗೆ ಅಂಗಡಿಯ ವಿಳಾಸ. ಅವಸರದಲ್ಲಿ ನಿಂಗರಾಜುವಿಗೆ ಅದನ್ನು ತೆಗೆಯಲು ಮರೆತಿತ್ತು. ಯಾರೋ ಆದಿಪ್ರಾಸದಲ್ಲಿ ಹನ್ನೆರಡು ಸಾಲು ಬರೆದರು. ಅದಕ್ಕೆ ಇನ್ನೊಬ್ಬರು, ಕರುಣರಸ ಚೆನ್ನಾಗಿ ಬಂದಿದೆ, ಎಂಟನೆಯ ಸಾಲಿನಲ್ಲಿ ಲಯ ಸ್ವಲ್ಪ ತಪ್ಪಿದೆ ಎಂದರು. ಬರೆದವರು ಧನ್ಯವಾದ ಹೇಳಿ, ತಿದ್ದಿ ಮತ್ತೆ ಹಾಕಿದರು. ಯಾರೊಬ್ಬರೂ ಮುಂಗುರುಳನ್ನು ಏನೂ ಕೇಳಲಿಲ್ಲ. ಎಲ್ಲರೂ ಅವಳ ಬಗ್ಗೆ ಮಾತಾಡುತ್ತಿದ್ದರು.

ಪಕ್ಕದ ಮುದುಕಿ ಬಗ್ಗಿ ನೋಡಿದಳು. "ಬೋ ಮೆಸೇಜು ಬತ್ತಾ ಅವೆ ಕಣವ್ವ. ಮನೇಲಿ ಏನಾರ ಇಸೇಸವಾ?"

"ಮಗಳ್ದು" ಎಂದಳು ಸರ್ವಮಂಗಳಾ.

"ಒಳ್ಳೇದಾಗ್ಲಿ ಬುಡು" ಎಂದಳು ಮುದುಕಿ.

ಮತ್ತೆ ಮಾದಯ್ಯನವರ ಮಾತು ಕಾಣಿಸಿಕೊಂಡಿತು. ಆ ಫೋನು ತಾಯಿಯ ಕೈಯಲ್ಲಿದೆ, ನಮ್ಮ ಈ ಗಲಾಟೆ ಆ ಹೆತ್ತ ಹೊಟ್ಟೆಗೆ ಇನ್ನಷ್ಟು ಸಂಕಟ ಕೊಡಬಾರದು, ನಿಂಗರಾಜು ಅವರೇ, ದಯವಿಟ್ಟು ಆ ನಂಬರನ್ನು ಗೌರವದಿಂದ ಬಳಗದಿಂದ ತೆಗೆಯಿರಿ. ಹೌದು, ಹೌದು, ಅದೇ ಸರಿ ಎಂದು ಕೆಳಗೆ ಸಾಲಾಗಿ ಬಂದವು.

ಅವಳು ಬರೆಯತೊಡಗಿದಳು. ಬಸ್ಸು ಗುಂಡಿಗಳಲ್ಲಿ ಕುಲುಕುತ್ತಿತ್ತು. ತ ಸಿಕ್ಕಿತು, ಎತ್ವ ಕೊಡಲು ಹೋದರೆ ಬೇರೆ ಏನೋ ಬಿತ್ತು. ಅಳಿಸಿದಳು. ತೆಗೀ ತನಕ ಬಂದಳು. ಬೇಡಿ ಅನ್ನುವುದಕ್ಕೆ ಬ ಒತ್ತಿದಾಗ ಅಕ್ಷರಗಳ ಮಣೆ ಕೆಳಕ್ಕೆ ಇಳಿದು ಮಾಯವಾಯಿತು. ಬರೆಯುವ ಜಾಗವೇ ಇರಲಿಲ್ಲ. ನೀವು ಇನ್ನು ಮುಂದೆ ಈ ಗುಂಪಿನ ಸದಸ್ಯರಲ್ಲ ಎಂದು ಅಲ್ಲೊಂದು ಬೂದು ಬಣ್ಣದ ಸಾಲಿತ್ತು.

ಸದ್ದು ನಿಂತಿತು.

ಅವಳು ಆ ಬೂದು ಸಾಲಿನ ಮೇಲೆ ಬೆರಳಿಟ್ಟು ಒತ್ತಿದಳು. ಮತ್ತೆ ಒತ್ತಿದಳು. "ಯಾಕವ್ವ, ಕರೆಂಟು ಓಯ್ತಾ ಅದ್ರುದು?" ಎಂದು ಮುದುಕಿ ಕೇಳಿದಳು. ಸುತ್ತೂರಿನಲ್ಲಿ ಶಾಲೆ ಬಿಟ್ಟ ಮಕ್ಕಳು ಹತ್ತಿ ಬಸ್ಸೆಲ್ಲ ಗದ್ದಲವಾಯಿತು. ಪರದೆ ಸ್ವಲ್ಪ ಹೊತ್ತಿಗೆ ಮಂಕಾಗುತ್ತಿತ್ತು. ಪೂರ್ತಿ ಕಪ್ಪಾಗುವ ಮೊದಲೇ ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಿದ್ದಳು, ಬೆಳಕು ಬರುತ್ತಿತ್ತು. ಕಪಿಲೆಯ ಸೇತುವೆ ಬರುವ ತನಕವೂ ಹಾಗೆ ಮುಟ್ಟುತ್ತಲೇ ಇದ್ದಳು.