ಇಲಿಂಕಾಗೆ ಊರು ತೋರಿಸಿದ ಶನಿವಾರ

ಶುಕ್ರವಾರ ಮಧ್ಯಾಹ್ನ ಪಾಂಡೆಲೆ ಸಾರ್ ನನ್ನನ್ನು ಕರೆದು, ನಾಳೆ ಗಂಡ ಹೆಂಡತಿ ಇಬ್ಬರಿಗೆ ಊರು ತೋರಿಸಬೇಕು ಎಂದರು.

ಪಾಂಡೆಲೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು. ನಮ್ಮೂರು ಪ್ಲೊಯೆಷ್ಟಿಯ ಸುತ್ತಲಿನ ರಿಫೈನರಿಗಳಿಂದ ಬರುವ ಎಣ್ಣೆ ಮತ್ತು ನೀರಿನ ಮಾದರಿಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ವರದಿಗೆ ಸಹಿ ಹಾಕುವ ಅರ್ಹತೆ ಇರುವವರು ಆ ಜಾಗಕ್ಕೆ ಬರದಿದ್ದರೆ ಪರವಾನಗಿ ಹೋಗುತ್ತದೆ, ಮಾದರಿಗಳು ಬೇರೆ ಊರಿಗೆ ಹೋಗುತ್ತವೆ, ನಾವು ಹನ್ನೊಂದು ಜನ ಮನೆಗೆ ಹೋಗುತ್ತೇವೆ. ಆಗಲೇ ಇಬ್ಬರು ಬಂದು ನೋಡಿ ಬೇಡವೆಂದಿದ್ದರು. ಈಗ ಬರುತ್ತಿರುವವನು ಮೂರನೆಯವನು, ಯಾಶ್ ಊರಿನವನು, ಹೊರಿಯಾ ಅಂತ.

"ಅವನಿಗೆ ಕೆಲಸ ಒಪ್ಪಿಗೆ ಆಗಿದೆ. ಹೆಂಡತಿ ಒಪ್ಪಬೇಕು ಅಷ್ಟೆ," ಎಂದರು.

"ನಾನೇ ಯಾಕೆ ಸಾರ್?"

"ಸುಳ್ಳು ಹೇಳೋಕೆ ಬಾರದ ಮುಖ ನಿಂದು, ವೆತಾ. ಅಂಥ ಮುಖ ನೋಡಿದ್ರೆ ಜನ ನಂಬ್ತಾರೆ."

ಸಿಂಕಿನ ಹತ್ತಿರ ಗಾಜಿನ ಕೊಳವೆ ತೊಳೆಯುತ್ತಿದ್ದ ಔರಿಕಾ ತಿರುಗಿ ನೋಡಿದಳು. "ಅಯ್ಯೋ, ಇವಳನ್ನ ಕಳಿಸ್ತೀರಾ? ಮ್ಯೂಸಿಯಂ ಟಿಕೆಟ್ ಹಿಂದೆ ಏನು ಬರ್ದಿದೆ ಅಂತ ಅದನ್ನೂ ಓದಿ ಹೇಳ್ತಾಳೆ ಸಾರ್ ಇವಳು. ಆ ಹೆಂಗಸು ಅಲ್ಲೇ ನಿದ್ದೆ ಮಾಡ್ಬಿಡ್ತಾಳೆ."

"ನಿದ್ದೆ ಬಂದ್ರೆ ಒಳ್ಳೇದೇ," ಎಂದರು ಪಾಂಡೆಲೆ. ಆಮೇಲೆ ನನ್ನ ಕಡೆ ತಿರುಗಿ, "ಗಾಳಿಯ ವಿಷಯ ಮಾತ್ರ ನೀನಾಗಿ ಎತ್ತಬೇಡ," ಎಂದರು.

ಪ್ರಯೋಗಾಲಯದ ಛಾವಣಿಯ ಮೇಲೆ, ಗಾಳಿಯಲ್ಲಿ ರಿಫೈನರಿಯ ಅನಿಲ ಎಷ್ಟಿದೆ ಎಂದು ಅಳೆಯುವ ಮಾಪಕ ಒಂದಿದೆ. ದಿನವೂ ಎಂಟು ಗಂಟೆಗೆ ಅದರ ಅಂಕಿಯನ್ನು ಪುಸ್ತಕದಲ್ಲಿ ಬರೆಯುವವಳು ನಾನು. ಮಿತಿ ದಾಟಿದ ದಿನ ಕೆಂಪು ಶಾಯಿ. ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಮಾಡಿದೆ. ಚೆಸ್ಟ್‌ನಟ್ ಮರಗಳ ಬೀದಿ, ಗಡಿಯಾರಗಳ ಮ್ಯೂಸಿಯಂ, ಎಣ್ಣೆಯ ಮ್ಯೂಸಿಯಂ, ದೊಡ್ಡ ಮಾರುಕಟ್ಟೆಯಲ್ಲಿ ಊಟ. ಇಷ್ಟೇನಾ ಅನ್ನಿಸಿತು. ಮೂವತ್ತೆಂಟು ವರ್ಷ ಬದುಕಿದ ಊರು ಅರ್ಧ ಹಾಳೆಗೆ ಮುಗಿದಿತ್ತು. ಬುಕಾರೆಸ್ಟ್‌ನ ಬೀದಿದೀಪಗಳು ಮೊದಲು ಉರಿದದ್ದು ನಮ್ಮೂರ ಎಣ್ಣೆಯಿಂದ ಎಂದು ಕೆಳಗೆ ಸೇರಿಸಿದೆ. ಹೆದರಿಕೆ ಇರಬೇಕಲ್ಲ ಎಂದು ಒಳಗೆ ಹುಡುಕಿದೆ. ಏನೂ ಸಿಗಲಿಲ್ಲ.

ನಮ್ಮ ಬಡಾವಣೆಯಲ್ಲಿ ಬಟ್ಟೆ ಒಗೆಯುವ ಮೊದಲು ಎಲ್ಲರೂ ಬಾಲ್ಕನಿಗೆ ಬಂದು ರಿಫೈನರಿಯ ಚಿಮಣಿಯ ತುದಿಯ ಬೆಂಕಿಯನ್ನು ನೋಡುತ್ತಾರೆ. ಅದು ಹೊಲದ ಕಡೆ ವಾಲಿದ್ದರೆ ಒಗೆಯಬಹುದು. ಮನೆಗಳ ಕಡೆ ವಾಲಿದ್ದರೆ ನಾಳೆಗೆ. ಶನಿವಾರ ಬೆಳಿಗ್ಗೆ ಏಳಕ್ಕೆ ನಾನೂ ನೋಡಿದೆ. ಹೊಲದ ಕಡೆ ಇತ್ತು. ಮೇಲಿನ ಮನೆಯ ದೊರಿನಾ ಆಗಲೇ ಹೊದಿಕೆಗಳನ್ನು ಹರವುತ್ತಿದ್ದಳು.

"ಇವತ್ತು ಪರದೆನೂ ಒಗ್ದುಬಿಡು ವೆತಾ, ಇಂಥ ಗಾಳಿ ಮತ್ತೆ ಸಿಗಲ್ಲ!"

"ನೆಂಟರು ಬರ್ತಿದಾರೆ, ಬಿಡುವಿಲ್ಲ."

"ನಿಂಗೆ ನೆಂಟರಾ?" ಎಂದು ಅವಳು ನಕ್ಕಳು.

ಒಂಬತ್ತೂವರೆಯ ರೈಲಿಗೆ ಅವರು ಬಂದರು. ಹೊರಿಯಾ ಎತ್ತರದ ಆಳು, ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಇಲಿಂಕಾ ಸಂಗೀತದ ಟೀಚರ್, ಐದು ತಿಂಗಳ ಬಸುರಿ. ಕುತ್ತಿಗೆಗೆ ನೀಲಿ ಸ್ಕಾರ್ಫ್. ನಾನು ನಿಧಾನವಾಗಿ ನಡೆಸಿಕೊಂಡು ಹೋದೆ. ಚೆಸ್ಟ್‌ನಟ್ ಹೂ ಬಿಟ್ಟಿತ್ತು. ಬೇಕರಿಯಲ್ಲಿ ಎಳ್ಳು ಮೆತ್ತಿದ ಬಿಸಿ ಕೊವ್ರಿಗ್ ಬ್ರೆಡ್ ಕೊಡಿಸಿದೆ. ಎಳ್ಳು ಅಂಗಿಯ ಮೇಲೆ ಉದುರಿದ್ದಕ್ಕೆ ಇಲಿಂಕಾ ನಕ್ಕಳು. ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂದು ಲೆಕ್ಕ ಹಾಕಿದೆ. ಖುಷಿಯಾಗಲಿಲ್ಲ. ಪಟ್ಟಿಯ ಒಂದು ಸಾಲು ಮುಗಿದಿತ್ತು ಅಷ್ಟೆ.

ಗಡಿಯಾರಗಳ ಮ್ಯೂಸಿಯಂನಲ್ಲಿ ಒಂದು ಗಂಟೆ ಕಳೆದೆವು. ಒಂದೊಂದು ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು.

"ಇಲ್ಲಿ ಕೆಲಸಕ್ಕೆ ತಡವಾಗಿ ಬಂದ್ರೆ ಯಾವುದಾದ್ರೂ ಒಂದನ್ನ ತೋರಿಸಬಹುದು," ಎಂದ ಹೊರಿಯಾ.

"ಪಾಂಡೆಲೆ ಸಾರ್ ಒಪ್ಪಲ್ಲ," ಎಂದೆ. ಅದು ತಮಾಷೆ ಎಂದು ಆಮೇಲೆ ಹೊಳೆಯಿತು.

ಹೊರಗೆ ಬಂದು ಮರಗಳ ಕೆಳಗೆ ನಿಂತೆವು. ಬಿಸಿಲು ಹದವಾಗಿತ್ತು, ಎಲೆಗಳು ಅಲುಗುತ್ತಿದ್ದವು. ಏನಾದರೂ ಹೇಳಬೇಕು ಅನ್ನಿಸಿ, "ಇವತ್ತು ಗಾಳಿ ಎಷ್ಟು ಚೆನ್ನಾಗಿದೆ ನೋಡಿ," ಎಂದೆ.

ಇಲಿಂಕಾ ಸ್ಕಾರ್ಫ್ ಎತ್ತಿ ಮೂಗಿಗೆ ಹಿಡಿದಿದ್ದಳು. ನಾನು ನೆಗಡಿ ಎಂದುಕೊಂಡಿದ್ದೆ.

"ನಿಮಗೆ ಗೊತ್ತಾಗ್ತಿಲ್ವಾ?" ಎಂದು ಹೊರಿಯಾ ಮೆಲ್ಲಗೆ ಕೇಳಿದ.

"ಏನು?"

"ಕೊಳೆತ ಮೊಟ್ಟೆ," ಎಂದಳು ಇಲಿಂಕಾ ಬಟ್ಟೆಯ ಹಿಂದಿನಿಂದ. "ಜೊತೆಗೆ ಪೆಟ್ರೋಲ್. ಒಳಗಿಂದ ಬಂದಾಗಿಂದ ಹೊಡೀತಿದೆ."

ಮೂಗಿನಿಂದ ಉಸಿರು ಎಳೆದು ನೋಡಿದೆ. ಏನೂ ಇಲ್ಲ. ಇನ್ನೊಮ್ಮೆ ಎಳೆದೆ. ಮನೆಗಳ ಮೇಲಿಂದ ದೂರದಲ್ಲಿ ಬೆಂಕಿ ಕಾಣುತ್ತಿತ್ತು. ಅದು ತಿರುಗಿತ್ತು, ನಮ್ಮ ಕಡೆಗೇ ಚಾಚಿಕೊಂಡಿತ್ತು. ಏಳಕ್ಕೆ ನೋಡಿದವಳು ಮತ್ತೆ ನೋಡಿರಲಿಲ್ಲ. ಅವರನ್ನು ಎಣ್ಣೆಯ ಮ್ಯೂಸಿಯಂಗೆ ಮೊದಲು ಕರೆದುಕೊಂಡು ಹೋಗಿದ್ದರೆ ಈ ಹೊತ್ತಿಗೆ ಒಳಗಿರುತ್ತಿದ್ದೆವೇನೋ. ಅದೂ ಖಚಿತವಿಲ್ಲ.

"ಕ್ಷಮಿಸಿ," ಎಂದೆ.

"ನೀವೇನು ಮಾಡಿದ್ರಿ ಅಕ್ಕಾ?" ಎಂದಳು ಇಲಿಂಕಾ. ಬೇಸರದಿಂದ ಅಂದದ್ದಲ್ಲ. ಆದರೆ ನನ್ನನ್ನು ಈಗ ಬೇರೆ ಥರ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ನೋಡುವ ಹಾಗೆ.

ಎಣ್ಣೆಯ ಮ್ಯೂಸಿಯಂ ಬಿಟ್ಟು ನೇರ ಮಾರುಕಟ್ಟೆಗೆ ಹೋದೆವು. ದೊಡ್ಡ ಗುಮ್ಮಟದ ಕೆಳಗೆ ಕೆಂಡದ ಮೇಲೆ ಮಿಚ್ ಎಂಬ ಕೊಚ್ಚಿದ ಮಾಂಸದ ತುಂಡುಗಳನ್ನು ಸುಡುತ್ತಿದ್ದರು. ಮಾಂಸದ ಹೊಗೆ ದಟ್ಟವಾಗಿತ್ತು, ಅಲ್ಲಿ ಅವಳು ಸ್ಕಾರ್ಫ್ ಇಳಿಸಿದಳು. ಹೊರಿಯಾ ಸಾಸಿವೆ ಹಚ್ಚಿಕೊಂಡು ಆರು ತಿಂದ. ಅವಳು ಬ್ರೆಡ್ ಮಾತ್ರ ಮುರಿದಳು.

"ಅಕ್ಕಾ, ಒಂದು ಮಾತು ನೇರವಾಗಿ ಕೇಳ್ಲಾ?"

"ಕೇಳಿ ಮೇಡಂ."

"ತಿಂಗಳಿಗೆ ಎಷ್ಟು ದಿನ ಹೀಗಿರುತ್ತೆ?"

ಹೊರಿಯಾ ತಿನ್ನುವುದು ನಿಲ್ಲಿಸಿದ. ಪಾಂಡೆಲೆ ಸಾರ್ ನೆನಪಾದರು. ಔರಿಕಾಳ ಇಬ್ಬರು ಹೆಣ್ಣುಮಕ್ಕಳು, ಮನೆಯ ಕಂತು ನೆನಪಾಯಿತು. 'ಯಾವಾಗ್ಲೋ ಒಂದೊಂದು ಸಲ' ಎಂದರೆ ಸಾಕಿತ್ತು. ಯಾರೂ ಪುಸ್ತಕ ತೆಗೆದು ನೋಡುತ್ತಿರಲಿಲ್ಲ. ಆದರೆ ವಯಸ್ಸು ಕೇಳಿದರೆ ಹೇಳಿಬಿಡುವ ಹಾಗೆ ಅಂಕಿ ಬಾಯಿಗೆ ಬಂತು.

"ಹೋದ ತಿಂಗಳು ಹನ್ನೆರಡು ದಿನ. ಮಿತಿ ದಾಟಿದ್ದು."

"ಹನ್ನೆರಡು," ಎಂದಳು ಇಲಿಂಕಾ ಗಂಡನ ಕಡೆ ನೋಡದೆ.

"ಇವರು ಹೇಳದೇ ಇರಬಹುದಿತ್ತು," ಎಂದ ಹೊರಿಯಾ.

"ಹೇಳಿದ್ರು ಅಲ್ವಾ."

ಧೈರ್ಯ ಮಾಡಿದೆ ಎಂದು ನನಗೆ ಅನ್ನಿಸಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಿಸಲಿಲ್ಲ. ಮೂರು ಗಂಟೆಯ ರೈಲು ಹತ್ತಿಸಿದೆ. ಇಲಿಂಕಾ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಒತ್ತಿ, "ಒಂದ್ಸಲ ಡಾಕ್ಟರಿಗೆ ಮೂಗು ತೋರಿಸಿ ಅಕ್ಕಾ," ಎಂದಳು. ಏನಾದರೂ ಬೇಕಾದರೆ ಫೋನ್ ಮಾಡಿ ಎಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟಳು.

ಬುಧವಾರ ಹೊರಿಯಾನ ಪತ್ರ ಬಂತು. ನಾಲ್ಕು ಸಾಲು, ಬಹಳ ಮರ್ಯಾದೆಯವು. ಪಾಂಡೆಲೆ ಸಾರ್ ಎಲ್ಲರ ಮುಂದೆ ಓದಿ ಕನ್ನಡಕ ತೆಗೆದರು. ಇನ್ನೊಬ್ಬರನ್ನು ಹುಡುಕಲು ಒಂಬತ್ತು ದಿನ ಉಳಿದಿತ್ತು. ಬರುವವರು ಯಾರೂ ಇರಲಿಲ್ಲ.

"ನಾನೇ ಹೇಳಿದೆ ಸಾರ್," ಎಂದೆ. "ಅವರು ಕೇಳಿದ್ರು. ಹನ್ನೆರಡು ದಿನ ಅಂತ ಹೇಳ್ಬಿಟ್ಟೆ."

ಔರಿಕಾ ಕೈಯಲ್ಲಿದ್ದ ಬ್ರಷ್ ಸಿಂಕಿಗೆ ಎಸೆದಳು. "ನಾನು ಅವತ್ತೇ ಬಡ್ಕೊಂಡೆ! ಬಾಯಿಗೆ ಬೀಗ ಹಾಕೋಕೆ ಬರಲ್ಲ ಇವಳಿಗೆ ಅಂತ. ನಿಂಗೇನಮ್ಮಾ, ಒಂಟಿ ಜೀವ. ನನ್ನ ಮಕ್ಕಳಿಗೆ ಏನು ಹಾಕ್ಲಿ, ನಿನ್ನ ಕೆಂಪು ಶಾಯಿನಾ?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಪಾಂಡೆಲೆ ಸಾರ್ ಪತ್ರವನ್ನು ಮಡಿಸುತ್ತಿದ್ದರು. "ಹನ್ನೆರಡಾ?" ಎಂದರು. "ಹದಿನಾಲ್ಕು ಕಣೇ."

"ಇಲ್ಲ ಸಾರ್, ಹನ್ನೆರಡು."

"ನೀನು ಎರಡು ದಿನ ರಜ ಹಾಕಿದ್ದೆ, ಸೋದರತ್ತೆ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆಗೆ ಅಂತ. ಆ ಎರಡೂ ದಿನ ನಾನೇ ಬರೆದೆ. ಕೆಂಪು ಪೆನ್ನು ಸಿಗ್ಲಿಲ್ಲ, ನೀಲಿಯಲ್ಲಿ ಬರೆದೆ."

ಪುಸ್ತಕ ತೆಗೆದು ನೋಡಿದೆ. ಇತ್ತು. ನಾನು ಕೆಂಪು ಸಾಲುಗಳನ್ನು ಮಾತ್ರ ಎಣಿಸಿದ್ದೆ.

ಎಲ್ಲರೂ ಊಟಕ್ಕೆ ಹೋದರು. ನಾನು ಫೋನಿನ ಮುಂದೆ ಕುಳಿತೆ. ಈಗ ಹೇಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಅವಳು ನನ್ನ ಮಾತು ನಂಬಿ ರೈಲು ಹತ್ತಿದ್ದಳು. ಚೀಟಿ ನೋಡಿ ನಂಬರ್ ಒತ್ತಿದೆ.

"ಮೇಡಂ, ನಾನು ವೆತೂರಿಯಾ, ಪ್ಲೊಯೆಷ್ಟಿಯಿಂದ. ಅವತ್ತು ಹನ್ನೆರಡು ಅಂದಿದ್ದೆ. ಅದು ಹದಿನಾಲ್ಕು."

ಅತ್ತ ಕಡೆ ಯಾರೋ ಪಿಯಾನೋದಲ್ಲಿ ಒಂದೇ ಸಾಲನ್ನು ತಪ್ಪಾಗಿ ನುಡಿಸುತ್ತಿದ್ದರು. ಅದು ನಿಂತಿತು.

"ಇದನ್ನ ಹೇಳೋಕೆ ಫೋನ್ ಮಾಡಿದ್ರಾ ಅಕ್ಕಾ?"

"ಹೌದು."

"ಸರಿ. ಹದಿನಾಲ್ಕು," ಎಂದಳು. ಪಿಯಾನೋ ಮತ್ತೆ ಶುರುವಾಯಿತು.

ಫೋನ್ ಇಟ್ಟು ಕೆಲಸದ ಬಿಳಿ ಕೋಟು ಹಾಕಿಕೊಂಡೆ. ಬೆಳಿಗ್ಗೆ ಬಂದ ನೀರಿನ ಮಾದರಿಗಳು ಆರು ಉಳಿದಿದ್ದವು, ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಮೊದಲನೆಯದರ ಮುಚ್ಚಳ ತೆಗೆದೆ.